‘ಅಣ್ಣಾ, ಒಳ್ಳೆ ಸಣ್ಣ ವೇಪ್ ಯಾವುದು?’: ನಮ್ಮ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಉಂಟು. ಅದಕ್ಕೂ ಮೊದಲು ದುಬೈಯ ದೇರಾದಲ್ಲಿ ಇದೇ ಕೆಲಸ ಮಾಡುತ್ತಿದ್ದೆ. ಅಲ್ಲಿ ಸಿಗರೇಟು ಬಿಟ್ಟು ವೇಪ್, ಅಂದರೆ ಬ್ಯಾಟರಿಯ ಇ-ಸಿಗರೇಟು, ಹಿಡಿದೆ. ಊರಿಗೆ ಬಂದ ಮೇಲೆ ವೇಪನ್ನೂ ಬಿಟ್ಟೆ. ಅಂಗಡಿಗೆ ಬರುವ ಹುಡುಗರು ಸ್ಕ್ರೀನ್ ಗಾರ್ಡ್ ಹಾಕಿಸುತ್ತಾ ಮೆಲ್ಲ ಕೇಳುತ್ತಾರೆ: ‘ಹಳೇದು ಲೀಕ್ ಆಗ್ತಾ ಉಂಟು, ಜೇಬಿನಲ್ಲಿ ಹಿಡಿಯುವಂಥದ್ದು, ಕೈ ಕೊಡದಂಥದ್ದು ಯಾವುದು ತಗೊಳ್ಳಲಿ?’ ಪ್ರತಿಯೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ಅದಕ್ಕೆ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಮಂಗಳೂರಿನಲ್ಲಿ ನಂಬಬಹುದಾದ ವೇಪ್ ಎಲ್ಲಿ ಸಿಗುತ್ತದೆ?

ಎಲ್ಲೂ ಇಲ್ಲ. ನಮ್ಮಲ್ಲಿ ಮಾತ್ರ ಅಲ್ಲ, ಇಡೀ ದೇಶದಲ್ಲಿ ಇದನ್ನು ಮಾರುವ ಹಾಗಿಲ್ಲ. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದೇ ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ತಯಾರಿಸುವುದು, ಹೊರದೇಶದಿಂದ ತರುವುದು, ಸಾಗಿಸುವುದು, ಮಾರುವುದು, ಜಾಹೀರಾತು ಕೊಡುವುದು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟರೆ 6 ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಅಲ್ಲೂ ಎರಡೂ ಬೀಳಬಹುದು.

ಹಾಗಾದರೆ ಗೂಡಂಗಡಿಯಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಸಿಗುವುದು ಏನು? ಕಳ್ಳಸಾಗಣೆಯ ಮಾಲು. ಅದರ ಬಾಕ್ಸ್ ಮೇಲೆ ಬರೆದದ್ದನ್ನು ಯಾರೂ ಪರೀಕ್ಷೆ ಮಾಡಿಲ್ಲ. ಕೆಟ್ಟರೆ ಕೇಳುವ ಹಾಗಿಲ್ಲ, ಬಿಲ್ ಇಲ್ಲ. ನೀವು ಕೇಳುತ್ತಿರುವುದು ನಂಬಬಹುದಾದ ಸಾಮಾನು. ಕಳ್ಳಸಾಗಣೆಯ ಮಾಲಿನಲ್ಲಿ ನಂಬಿಕೆ ಎಲ್ಲಿಂದ ಬರುತ್ತದೆ ಹೇಳಿ.

ನಾನು ಮಾರುವುದಿಲ್ಲ. ರಿಪೇರಿಯೂ ಮಾಡುವುದಿಲ್ಲ. ಗುರುತಿನವರು ಕೇಳಿದರೂ ಅಷ್ಟೇ.

ನಿಕೋಟಿನ್ ಇಲ್ಲದ್ದು, ಹರ್ಬಲ್ ಅಂತ ಬರೆದದ್ದು ಆಗ್ತದಲ್ವಾ?

ಇಲ್ಲ. ಕಾಯ್ದೆ ನಿಕೋಟಿನ್ ಇದ್ದರೂ ಇಲ್ಲದಿದ್ದರೂ ಅಂತ ಸ್ಪಷ್ಟವಾಗಿ ಹೇಳುತ್ತದೆ. ಯಾವುದೇ ವಸ್ತುವನ್ನು ಬಿಸಿ ಮಾಡಿ ಒಳಗೆಳೆದುಕೊಳ್ಳುವ ಎಲೆಕ್ಟ್ರಾನಿಕ್ ಸಾಧನ ಅದರೊಳಗೆ ಬರುತ್ತದೆ. ಎಲೆಕ್ಟ್ರಾನಿಕ್ ಹುಕ್ಕಾ ಕೂಡ. ತಂಬಾಕನ್ನು ಸುಡದೆ ಬಿಸಿ ಮಾಡುವ ಸಾಧನಗಳೂ ಅಷ್ಟೇ.

ಅಣ್ಣ ದುಬೈಯಿಂದ ಬರುವಾಗ ಒಂದು ತರಿಸಿಕೊಂಡರೆ?

ಇದು ಅತಿ ಹೆಚ್ಚು ಬರುವ ಪ್ರಶ್ನೆ. ನಮ್ಮ ಕಡೆ ಪ್ರತಿ ಮನೆಯಲ್ಲೂ ಗಲ್ಫಿನಲ್ಲಿ ಒಬ್ಬರು ಇದ್ದೇ ಇರುತ್ತಾರೆ. ದುಬೈಯಲ್ಲಿ 2019ರಿಂದ ವೇಪ್ ಮಾರಾಟಕ್ಕೆ ಅನುಮತಿ ಉಂಟು, ಹಾಗಾಗಿ ಅದು ತಪ್ಪು ಅಂತ ಅವರಿಗೆ ಅನಿಸುವುದೇ ಇಲ್ಲ. ಖರ್ಜೂರ, ಟ್ಯಾಂಗ್, ಸೆಂಟ್ ಬಾಟಲಿಯ ಜೊತೆ ಇದೂ ಒಂದು ಅಂತ ಬ್ಯಾಗಿಗೆ ಹಾಕುತ್ತಾರೆ.

ನಮ್ಮ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಅದೇ ಸಾಮಾನು ಆಮದಿನ ಅಪರಾಧ. ಭಾರತದ ವಿಮಾನ ನಿಲ್ದಾಣಗಳಲ್ಲಿ ಇದನ್ನು ಒಯ್ಯಲು ಬಿಡುವುದಿಲ್ಲ, ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ವರ್ಷಕ್ಕೊಮ್ಮೆ ರಜೆ ಸಿಕ್ಕಿ ಮನೆಗೆ ಬರುವ ಅಣ್ಣನನ್ನು ನಿಮ್ಮ ಒಂದು ಡಿವೈಸಿಗಾಗಿ ಕಸ್ಟಮ್ಸ್ ಮುಂದೆ ನಿಲ್ಲಿಸಬೇಡಿ. ಪಾಸ್‌ಪೋರ್ಟ್, ವೀಸಾ ನಂಬಿ ಬದುಕುವವರಿಗೆ ಕೇಸು ಅಂದರೆ ಏನು ಅಂತ ನನಗೆ ಗೊತ್ತು.

ಇನ್ನೊಂದು ವಿಷಯ. ಗಲ್ಫ್ ಅಂದರೆ ಎಲ್ಲ ಕಡೆ ಒಂದೇ ಕಾನೂನು ಅಲ್ಲ. ಕತಾರ್, ಒಮಾನ್‌ಗಳಲ್ಲಿ ಇದರ ಮಾರಾಟಕ್ಕೆ ನಿಷೇಧ ಉಂಟು. ಸಿಂಗಾಪುರದಲ್ಲಂತೂ 2018ರಿಂದ ಸೇದುವುದು, ಹತ್ತಿರ ಇಟ್ಟುಕೊಳ್ಳುವುದು ಎರಡೂ ಅಪರಾಧ.

ಸುಮ್ನೆ ಸೇದಿದರೂ ಪೊಲೀಸರು ಹಿಡಿಯುತ್ತಾರಾ?

ಕಾಯ್ದೆಯಲ್ಲಿ ಸೇದುವುದಕ್ಕೆ ಅಂತ ಬೇರೆ ಶಿಕ್ಷೆ ಬರೆದಿಲ್ಲ, ನಿಜ. ಹುಡುಗರು ಇದನ್ನೇ ಹಿಡಿದುಕೊಂಡು ವಾದ ಮಾಡುತ್ತಾರೆ. ಆದರೆ ನಿಮ್ಮ ಕೈಗೆ ಅದು ಹೇಗೆ ಬಂತು? ಯಾರೋ ತಂದರು, ಯಾರೋ ಮಾರಿದರು. ಗೆಳೆಯನಿಗೆ ಅಂತ ಎರಡು ಜಾಸ್ತಿ ತರಿಸಿ, ದುಡ್ಡು ತಗೊಂಡು ಕೊಟ್ಟರೆ ನೀವೇ ಮಾರಿದವರು. ಪಿಜಿ ರೂಮಿನಲ್ಲಿ ಬಾಕ್ಸ್ ಇಟ್ಟುಕೊಂಡರೆ ದಾಸ್ತಾನಿನ ಮಾತು ಬರುತ್ತದೆ. ಓದಲು ಬಂದ ಮಕ್ಕಳು ಇದರಲ್ಲಿ ಸಿಕ್ಕಿಹಾಕಿಕೊಳ್ಳುವುದನ್ನು ನೋಡಲು ಬೇಸರ.

ಆ ಸಣ್ಣ ಡಿವೈಸಿನ ಒಳಗೆ ಇರುವುದಾದರೂ ಏನು?

ದುಬೈಯಲ್ಲಿ ನನ್ನದೇ ಹಾಳಾದವುಗಳನ್ನು ಟೇಬಲ್ ಮೇಲೆ ಬಿಚ್ಚಿ ನೋಡಿದ್ದೇನೆ. ಒಂದು ಲಿಥಿಯಂ ಅಯಾನ್ ಬ್ಯಾಟರಿ, ಮೊಬೈಲಿನದ್ದೇ ಜಾತಿ, ಆದರೆ ತುಂಬ ಸಣ್ಣದು. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಒಂದು ಸಣ್ಣ ಬೋರ್ಡು. ಮೊಬೈಲಿನ ಮೈಕಿನಂತೆ ಕಾಣುವ ಗುಂಡಗಿನ ಸೆನ್ಸರ್. ನೀವು ಬಾಯಲ್ಲಿ ಎಳೆದಾಗ ಗಾಳಿಯ ಒತ್ತಡ ಬದಲಾಗುತ್ತದೆ, ಸೆನ್ಸರ್ ಅದನ್ನು ತಿಳಿದು ಕರೆಂಟ್ ಬಿಡುತ್ತದೆ. ಕರೆಂಟ್ ಹೋಗುವುದು ಪಾಡ್ (ಲಿಕ್ವಿಡ್ ತುಂಬಿದ ಸಣ್ಣ ಡಬ್ಬಿ) ಒಳಗಿನ ಕಾಯಿಲಿಗೆ, ಅಂದರೆ ಸುರುಳಿ ತಂತಿಗೆ. ಆ ತಂತಿಯಲ್ಲಿ ಕ್ರೋಮಿಯಂ ಇರುತ್ತದೆ, ಕೆಲವದರಲ್ಲಿ ನಿಕ್ಕಲ್ ಕೂಡ. ಅದರ ಸುತ್ತ ಹತ್ತಿ. ಹತ್ತಿ ಲಿಕ್ವಿಡನ್ನು ಹೀರಿ ಹಿಡಿದಿರುತ್ತದೆ, ತಂತಿ ಕಾದು ಅದನ್ನು ಹೊಗೆಯಂತೆ ಎಬ್ಬಿಸುತ್ತದೆ.

ಲಿಕ್ವಿಡಿನಲ್ಲಿ ಇರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ ಮತ್ತು ನಿಕೋಟಿನ್.

ಒಂದು ಸಲ ಹಳೆಯ ಪಾಡ್ ಬಿಚ್ಚಿದೆ. ಬಿಳಿ ಹತ್ತಿ ಹೋಗಿ ಡಾಂಬರಿನಂಥ ಕಪ್ಪು ಉಂಡೆ ಆಗಿತ್ತು. ಸಿಹಿ ಪರಿಮಳದವು ಬೇಗ ಹಾಗಾಗುತ್ತವೆ, ಸಿಹಿಯ ಅಂಶ ಕಾಯಿಲಿನ ಮೇಲೆ ಕರಟಿ ಕೂರುತ್ತದೆ. ಟ್ವೀಸರಿನಲ್ಲಿ ಹಿಡಿದು ಮೂಗಿನ ಹತ್ತಿರ ತಂದೆ. ಹಾಲು ತಳ ಹಿಡಿದ ಪಾತ್ರೆಯ ವಾಸನೆ. ಹಿಂದಿನ ದಿನ ರಾತ್ರಿಯವರೆಗೂ ನಾನು ಎದೆಯೊಳಗೆ ಎಳೆದುಕೊಂಡದ್ದು ಅದನ್ನೇ.

ಅದು ಬರೀ ನೀರಾವಿ ಅಲ್ವಾ?

ಅಲ್ಲ. ಗಾಳಿಯಲ್ಲಿ ತೇಲುವ ಎಣ್ಣೆಯಂಥ ಸಣ್ಣ ಸಣ್ಣ ಹನಿಗಳು. ನಿಕೋಟಿನ್ ಜೊತೆಗೆ ಕಾಯಿಲಿನಿಂದ ಬಿಟ್ಟ ನಿಕ್ಕಲ್, ಕ್ರೋಮಿಯಂ, ಸೀಸದ ಅಂಶಗಳೂ ಅದರಲ್ಲಿ ಕಂಡುಬಂದಿವೆ. ಹತ್ತಿ ಒಣಗಿ ಕಾಯಿಲ್ ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಎಂಬ ವಿಷಗಳು ಹುಟ್ಟುತ್ತವೆ. ಗಂಟಲು ಉರಿಯುವ ಆ ಸುಟ್ಟ ರುಚಿ ಬಂದರೆ ಅಲ್ಲಿಗೆ ನಿಲ್ಲಿಸಬೇಕು.

2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರ ಶ್ವಾಸಕೋಶ ದಿಢೀರನೆ ಕೆಟ್ಟ ಪ್ರಕರಣಗಳು ಬಂದವು. 2020ರ ಫೆಬ್ರವರಿ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಅಥವಾ ತೀರಿಕೊಂಡಿದ್ದರು. ಸತ್ತವರು 68. ಮುಖ್ಯ ಕಾರಣವಾಗಿ ಕಂಡದ್ದು ಗಾಂಜಾ ಅಂಶದ ಕಳ್ಳ ಲಿಕ್ವಿಡಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಎಲ್ಲ ವೇಪಿನಿಂದಲೂ ಹಾಗಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಲಿಕ್ವಿಡ್ ಏನು ಮಾಡಬಲ್ಲದು ಅಂತ ಹೇಳುತ್ತಿದ್ದೇನೆ. ನಮ್ಮ ಊರಿನಲ್ಲಿ ಸಿಗುವುದೆಲ್ಲ ಅಂಥದ್ದೇ.

ಸಿಗರೇಟಿಗಿಂತ ವಾಸಿ ಅಂತಾರಲ್ಲ?

ಇದಕ್ಕೆ ನೇರವಾಗಿ ಉತ್ತರಿಸಬೇಕು. ಸಿಗರೇಟಿನಲ್ಲಿ ತಂಬಾಕು ಉರಿಯುತ್ತದೆ. ಟಾರ್, ಕಾರ್ಬನ್ ಮಾನಾಕ್ಸೈಡ್ ಬರುವುದು ಆ ಉರಿಯಿಂದ. ವೇಪಿನಲ್ಲಿ ಉರಿ ಇಲ್ಲ, ಹಾಗಾಗಿ ಆ ಭಾಗ ತುಂಬ ಕಡಿಮೆ. ಬ್ರಿಟನ್ನಿನಲ್ಲಿ ಸಿಗರೇಟು ಬಿಡಲು ವೇಪ್ ಬಳಸಿ ಅಂತ ಸರ್ಕಾರಿ ಆರೋಗ್ಯ ಸೇವೆಯೇ ಹೇಳುತ್ತದೆ. ಸಿಗರೇಟು ಬಿಡಿಸುವುದರಲ್ಲಿ ಅದು ಜಗಿಯುವ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪ್ಯಾಚ್‌ಗಿಂತ ಹೆಚ್ಚು ಜನರಿಗೆ ನೆರವಾಗಿದೆ ಎಂದು ಅಧ್ಯಯನಗಳೂ ಹೇಳಿವೆ. ಇದನ್ನು ಮುಚ್ಚಿಡುವುದು ಸರಿಯಲ್ಲ.

ಆದರೆ ಅಲ್ಲಿ ಅದು ಪರೀಕ್ಷೆಯಾದ ಮಾಲು. ನಿಕೋಟಿನ್ ಮಿತಿ ಉಂಟು. ಮತ್ತೆ ಅವರೂ ಹೇಳುವುದು ಸಿಗರೇಟು ಬಿಡಲು ಹಿಡಿಯಿರಿ, ಆಮೇಲೆ ಇದನ್ನೂ ಬಿಡಿ, ಸೇದದವರು ಶುರು ಮಾಡಲೇಬೇಡಿ ಅಂತ. ನನ್ನ ಅಂಗಡಿಗೆ ಬಂದು ಕೇಳುವ ಹುಡುಗರಲ್ಲಿ ಅರ್ಧದಷ್ಟು ಜನ ಒಂದು ಸಿಗರೇಟೂ ಸೇದಿದವರಲ್ಲ. ಅವರಿಗೆ ಯಾವುದಕ್ಕಿಂತ ವಾಸಿ?

ಹಳೆಯ ದೊಡ್ಡ ವೇಪಿಗಿಂತ ಸಣ್ಣದು ಯಾಕೆ ಜಾಸ್ತಿ ಚಟ ಹಿಡಿಸುತ್ತದೆ?

ಒಂದು ಕಾರಣ ನಿಕೋಟಿನ್ ಸಾಲ್ಟ್. ಹಳೆಯ ಲಿಕ್ವಿಡಿನಲ್ಲಿ ನಿಕೋಟಿನ್ ಜಾಸ್ತಿಯಾದರೆ ಗಂಟಲು ಕೆರೆಯುತ್ತಿತ್ತು, ಜನ ತಾವಾಗಿ ನಿಲ್ಲಿಸುತ್ತಿದ್ದರು. ಆಮೇಲೆ ಬೆಂಜೋಯಿಕ್ ಆಮ್ಲ ಸೇರಿಸಿದ ಸಾಲ್ಟ್ ಬಂತು. 2015ರಲ್ಲಿ ಅಮೆರಿಕದ ಜೂಲ್ ಎಂಬ ವೇಪ್ ಬಂದ ಮೇಲೆ ಇದು ಎಲ್ಲೆಡೆ ಹರಡಿತು. ಗಂಟಲಿಗೆ ನಯ, ರಕ್ತಕ್ಕೆ ಬೇಗ. ಮಿಲಿಲೀಟರಿಗೆ 50 ಮಿಲಿಗ್ರಾಂ ಇದ್ದರೂ ಕೆರೆತ ಗೊತ್ತಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ. 2 ಮಿಲಿಲೀಟರಿನ ಪಾಡ್, ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ಇರುವ ಲಿಕ್ವಿಡ್ ಅಂದರೆ ಒಳಗೆ 40 ಮಿಲಿಗ್ರಾಂ ನಿಕೋಟಿನ್. ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವುದು ಸುಮಾರು 1ರಿಂದ 1.5 ಮಿಲಿಗ್ರಾಂ. ಪಾಡಿನದ್ದು ಪೂರ್ತಿ ದೇಹಕ್ಕೆ ಸೇರುವುದಿಲ್ಲ, ಆದರೂ ಕೈಯಲ್ಲಿ ಎಷ್ಟು ಹಿಡಿದಿದ್ದೀರಿ ಅಂತ ಇದರಿಂದ ಗೊತ್ತಾಗುತ್ತದೆ.

ಎರಡನೆಯ ಕಾರಣ ನನಗೆ ಅಮ್ಮನಿಂದ ಗೊತ್ತಾದದ್ದು. ಅಮ್ಮ ವರ್ಷಗಟ್ಟಲೆ ಬೀಡಿ ಕಟ್ಟಿದವರು. ತಡ್ಪೆ (ಮೊರ) ಮಡಿಲಲ್ಲಿಟ್ಟು, ಎಲೆ ಕತ್ತರಿಸಿ, ನೂಲು ಸುತ್ತಿ ನಮ್ಮ ಶಾಲೆಯ ಫೀಸು ಕಟ್ಟಿದವರು. ನಾನು ರಜೆಗೆ ಬಂದಿದ್ದಾಗ ಚಾವಡಿಯಲ್ಲಿ ಕೂತು ವೇಪ್ ಎಳೆಯುತ್ತಿದ್ದೆ. ಅದನ್ನು ದುಬೈಯಿಂದ ಕದ್ದುಮುಚ್ಚಿ ತಂದಿದ್ದೆ, ಅದೂ ತಪ್ಪೇ. ಅಮ್ಮ ಬಹಳ ಹೊತ್ತು ನೋಡಿ ಕೇಳಿದರು: ‘ಬೀಡಿಯಾದರೂ ಒಂದು ಹೊತ್ತಿಗೆ ಮುಗಿಯುತ್ತದೆ ಮಗಾ, ಇದು ಮುಗಿಯುವುದೇ ಇಲ್ವಾ?’

ಅದೇ ವಿಷಯ. ಸಿಗರೇಟಿಗೆ ಒಂದು ಕೊನೆ ಉಂಟು. ಬೆಂಕಿಪೊಟ್ಟಣ ಬೇಕು, ಹೊರಗೆ ಹೋಗಬೇಕು, ಬೂದಿ ಕೊಡವಬೇಕು. ಪಾಡ್ ಹಾಕುವ ಸಣ್ಣ ವೇಪ್ ಮುಷ್ಟಿಯಲ್ಲಿ ಅಡಗುತ್ತದೆ. ಬಾತ್‌ರೂಮಿನಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ, ರಾತ್ರಿ ಎಚ್ಚರವಾದಾಗ ಹಾಸಿಗೆಯಲ್ಲೇ. ದಿನಕ್ಕೆ 10 ಸಿಗರೇಟು ಸೇದುತ್ತಿದ್ದ ನನಗೆ ಪಾಡ್ ಬಂದ ಮೇಲೆ ಎಷ್ಟು ಸಲ ಎಳೆದೆ ಅಂತ ಲೆಕ್ಕವೇ ಇರಲಿಲ್ಲ. ಡಿವೈಸ್ ಸಣ್ಣದಾದಷ್ಟೂ, ಕೈ ಕೊಡದೆ ಕೆಲಸ ಮಾಡಿದಷ್ಟೂ ಅಭ್ಯಾಸ ದೊಡ್ಡದಾಯಿತು. ಅದಕ್ಕೇ ‘ಇನ್ನೂ ಸಣ್ಣದು ಯಾವುದು’ ಅಂತ ಕೇಳಿದವರಿಗೆ ನಾನು ಹೆಸರು ಹೇಳುವುದಿಲ್ಲ.

ನಾನು ಲಂಡನ್ನಿನಲ್ಲೋ ದುಬೈಯಲ್ಲೋ ಇದ್ದೇನೆ, ಇಲ್ಲಿ ವೇಪಿಗೆ ಕಾನೂನಿನ ಅನುಮತಿ ಉಂಟು. ಸಿಗರೇಟು ಬಿಡಲು ಬೇಕು. ಏನು ನೋಡಬೇಕು?

ನಮ್ಮೂರಿನವರು ಹೊರಗಿನಿಂದ ಮೆಸೇಜ್ ಮಾಡಿ ಕೇಳುತ್ತಾರೆ. ಅಲ್ಲಿಯ ಕಾನೂನಿನೊಳಗೆ ಸಿಗರೇಟು ಬಿಡಲೇಬೇಕು ಅಂತ ಇದ್ದರೆ ಗಮನಿಸಬೇಕಾದದ್ದು ಇಷ್ಟು.

ಅನುಮತಿ ಇರುವ ಅಂಗಡಿಯಲ್ಲೇ ತಗೊಳ್ಳಿ, ಬಿಲ್ ಇಟ್ಟುಕೊಳ್ಳಿ. ಸೇದಿ ಎಸೆಯುವಂಥದ್ದು ಬೇಡ. ಬ್ರಿಟನ್ನಿನಲ್ಲಿ 2025ರ ಜೂನ್ 1ರಿಂದ ಅವುಗಳ ಮಾರಾಟವೇ ನಿಂತಿದೆ. ಅಲ್ಲಿ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ, ಟ್ಯಾಂಕ್ 2 ಮಿಲಿಲೀಟರ್ ಮೀರುವಂತಿಲ್ಲ. ಲೇಬಲ್ಲಿನಲ್ಲಿ ಅದಕ್ಕಿಂತ ಜಾಸ್ತಿ ಕಂಡರೆ ಅದು ಕಳ್ಳ ಮಾಲು ಅಂತ ತಿಳಿಯಿರಿ. ತುಂಬಿಸಿ ಬಳಸುವ ಪಾಡ್ ಆದರೆ ಲಿಕ್ವಿಡಿನ ನಿಕೋಟಿನನ್ನು ಹಂತ ಹಂತವಾಗಿ ಇಳಿಸಬಹುದು. 20ರಿಂದ 10, ಆಮೇಲೆ 5, ಕೊನೆಗೆ ಸೊನ್ನೆ. ಇದೊಂದೇ ನನ್ನ ಪ್ರಕಾರ ನೋಡಬೇಕಾದ ಮುಖ್ಯ ಗುಣ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬಣ್ಣ ಯಾವುದು, ಅದೆಲ್ಲ ಆಮೇಲಿನ ಮಾತು.

ತೆಗೆದುಕೊಂಡ ದಿನವೇ ಬಿಡುವ ತಾರೀಖು ಬರೆದಿಡಿ. ನಾನು ಬರೆದಿಡಲಿಲ್ಲ. 3 ತಿಂಗಳು ಅಂದುಕೊಂಡದ್ದು 3 ವರ್ಷ ಆಯಿತು. ಸಿಗರೇಟು, ವೇಪ್ ಎರಡನ್ನೂ ಒಟ್ಟಿಗೆ ಮುಂದುವರಿಸಿದರೆ ಏನೂ ಪ್ರಯೋಜನ ಇಲ್ಲ.

ಚಾರ್ಜ್ ಆಗ್ತಾ ಇಲ್ಲ. ಪೋರ್ಟ್ ಒಂದು ಬದಲಾಯಿಸಿ ಕೊಡಬಹುದಲ್ವಾ?

ಇಲ್ಲ. ಪಾಡಿನಿಂದ ಲೀಕ್ ಆದ ಲಿಕ್ವಿಡ್ ಬೋರ್ಡಿಗೆ ಇಳಿದಿರುತ್ತದೆ. ನಮ್ಮ ಕರಾವಳಿಯ ಸೆಕೆ, ಉಪ್ಪುಗಾಳಿ ಸೇರಿ ಹಸಿರು ಕಿಲುಬು ಕಟ್ಟಿರುತ್ತದೆ. ಅಂಥ ಬೋರ್ಡಿನ ಪಕ್ಕದಲ್ಲೇ ಲಿಥಿಯಂ ಬ್ಯಾಟರಿ. ಶಾರ್ಟ್ ಆದರೆ ಜೇಬಿನಲ್ಲೇ ಬೆಂಕಿ. ಉಬ್ಬಿದ ಮೊಬೈಲ್ ಬ್ಯಾಟರಿ ಹೊಗೆಯಾಡುವುದನ್ನು ಅಂಗಡಿಯಲ್ಲಿ ನೋಡಿದ್ದೇನೆ, ಮರಳಿನ ಬಕೆಟ್ ಯಾವಾಗಲೂ ಪಕ್ಕದಲ್ಲಿ ಇಟ್ಟಿರುತ್ತೇನೆ. ಪಣಂಬೂರಿಗೆ ಹೋಗಿ ಬಿಸಿಲಲ್ಲಿ ನಿಂತ ಕಾರಿನಲ್ಲಿ ಇದನ್ನು ಬಿಟ್ಟು ಸಮುದ್ರಕ್ಕೆ ಇಳಿಯುವವರು ಇದ್ದಾರೆ. ಬೇಡ.

ಮಗನ ಬ್ಯಾಗಿನಲ್ಲಿ ಪೆನ್‌ಡ್ರೈವ್‌ನಂಥದ್ದು ಸಿಕ್ಕಿತು. ಇದು ಅದೇನಾ?

ಅಪ್ಪ ಅಮ್ಮಂದಿರು ಕರ್ಚೀಫಿನಲ್ಲಿ ಸುತ್ತಿ ತರುತ್ತಾರೆ. ಒಂದು ತುದಿಯಲ್ಲಿ ಬಾಯಿಗಿಡುವ ತೂತು, ಇನ್ನೊಂದು ತುದಿಯಲ್ಲಿ ಚಾರ್ಜಿಂಗ್ ಪೋರ್ಟ್ ಇದ್ದರೆ ಅದೇ. ಹಣ್ಣಿನದ್ದೋ ಪುದೀನದ್ದೋ ಸಿಹಿ ವಾಸನೆ ಇರುತ್ತದೆ.

ದಯವಿಟ್ಟು ಆ ದಿನವೇ ಹೊಡೆಯಬೇಡಿ, ಬೈಯಬೇಡಿ. 25ರ ತನಕ ಮೆದುಳು ಬೆಳೆಯುತ್ತಲೇ ಇರುತ್ತದೆ, ಆ ವಯಸ್ಸಿನಲ್ಲಿ ನಿಕೋಟಿನ್ ಬೇಗ ಅಂಟುತ್ತದೆ. ಹುಡುಗ ಹಟಮಾರಿ ಅಂತ ಅಲ್ಲ, ಅವನಿಗೆ ಬಿಡಲು ಆಗುತ್ತಿಲ್ಲ. ಸಿಡುಕು, ನಿದ್ದೆ ಇಲ್ಲದಿರುವುದು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಅದರಿಂದಲೇ ಇರಬಹುದು. ‘ಎಷ್ಟು ದಿನದಿಂದ? ಬಿಡಲು ನೋಡಿದ್ದೀಯಾ?’ ಅಂತ ಕೇಳಿ. ಒಬ್ಬ ತಂದೆ ನನ್ನ ಅಂಗಡಿಯ ಸ್ಟೂಲಿನಲ್ಲಿ ಕೂತು, ಎಲ್ಲ ಕೇಳಿಕೊಂಡು, ಮಗನನ್ನು ಕರೆದು ಬೊಂಡ (ಎಳನೀರು) ಕುಡಿಸಲು ಕರೆದುಕೊಂಡು ಹೋದರು. ಏನು ಮಾತಾಡಿದರೋ ಗೊತ್ತಿಲ್ಲ. ಮಾರನೇ ವಾರ ಇಬ್ಬರೂ ಒಟ್ಟಿಗೆ ಡಾಕ್ಟರ್ ಹತ್ತಿರ ಹೋದರು.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಲಿಕ್ವಿಡ್ ಬಾಟಲಿ ತಕ್ಷಣ ತೆಗೆಯಿರಿ. ಕುಡಿದರೆ ಜೀವಕ್ಕೇ ಅಪಾಯ. ಕುಡಿದ ಅನುಮಾನ ಬಂದರೂ ಸಾಕು, ಆಸ್ಪತ್ರೆಗೆ ಓಡಿ.

ಸರಿ, ಬಿಡುವುದು ಹೇಗೆ? ಮೆಡಿಕಲ್‌ನಲ್ಲಿ ಸಿಗುವ ಗಮ್ ಕೆಲಸ ಮಾಡುತ್ತದಾ?

ನನಗೆ ಮಾಡಿತು, ಅದೂ ಎರಡನೇ ಸಲ. ಮೊದಲ ಸಲ ಬಬಲ್‌ಗಮ್ ಜಗಿದ ಹಾಗೆ ಜಗಿದೆ. ಬಿಕ್ಕಳಿಕೆ, ಎದೆಯುರಿ ಬಂದು ಎಸೆದುಬಿಟ್ಟೆ. ತಪ್ಪು ನನ್ನದು. 2 ಮಿಲಿಗ್ರಾಂ ಗಮ್ ಡಾಕ್ಟರ ಚೀಟಿ ಇಲ್ಲದೆ ಸಿಗುತ್ತದೆ. ಒಂದನ್ನು ಬಾಯಿಗೆ ಹಾಕಿ ನಿಧಾನ ಜಗಿಯಿರಿ. ಕಾಳುಮೆಣಸಿನಂಥ ಚುರುಕು ಬಂದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ. ಚುರುಕು ಹೋದ ಮೇಲೆ ಮತ್ತೆ ನಾಲ್ಕು ಸಲ ಜಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ನಿಕೋಟಿನ್ ಹೋಗಬೇಕಾದದ್ದು ಬಾಯಿಯ ಒಳಚರ್ಮದಿಂದ, ಹೊಟ್ಟೆಯಿಂದ ಅಲ್ಲ. ಕಾಫಿ, ಜ್ಯೂಸ್, ಸೋಡ ಕುಡಿದ ಕೂಡಲೇ ಗಮ್ ಹಾಕಿದರೆ ಹಿಡಿಯುವುದಿಲ್ಲ. 15 ನಿಮಿಷ ಬಿಡಿ.

ಮೊದಲ ಮೂರು ದಿನ ಕಷ್ಟ. ಆಮೇಲೆ ಇಳಿಯುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ತುಂಬ ಹಗುರ ಆಗುತ್ತದೆ. ಒಂದೊಂದು ಸಲ ಬೇಕು ಬೇಕು ಅನ್ನಿಸುವುದು ಕೆಲವೇ ನಿಮಿಷ. ನಾನು ಆಗ ಸೋಲ್ಡರಿಂಗ್ ಕೈಗೆತ್ತಿಕೊಳ್ಳುತ್ತಿದ್ದೆ. ಎರಡೂ ಕೈಗೆ ಕೆಲಸ ಇದ್ದರೆ ಜೇಬಿಗೆ ಕೈ ಹೋಗುವುದಿಲ್ಲ. ನೀವು ತೆಂಗಿನಕಾಯಿ ತುರಿಯಿರಿ, ಬೈಕ್ ತೊಳೆಯಿರಿ, ಏನಾದರೂ ಸರಿ.

ಗಮ್‌ನಿಂದ ಆಗಲಿಲ್ಲ. ಯಾರನ್ನು ಕೇಳಲಿ?

ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356. ಉಚಿತ. ಕನ್ನಡದಲ್ಲೂ ಮಾತಾಡಬಹುದು. 011-22901701ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೆಸೇಜ್ ಮೂಲಕ ನೆರವು ಬರುತ್ತದೆ. ಬೇಸರ, ಗಾಬರಿ ಜಾಸ್ತಿ ಆದರೆ ಟೆಲಿ ಮಾನಸ್ 14416. ವೈದ್ಯರ ಹತ್ತಿರ ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳ ದಾರಿಯೂ ಉಂಟು, ಆದರೆ ಅವು ಎಲ್ಲರಿಗೂ ಅಲ್ಲ, ಅವರೇ ನೋಡಿ ಕೊಡಬೇಕು. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಗಮ್ ಹಾಕುವ ಮೊದಲೂ ವೈದ್ಯರನ್ನು ಕೇಳಿ. ಮಂಗಳೂರಿನಲ್ಲಿ, ಮಣಿಪಾಲದಲ್ಲಿ ಇಷ್ಟು ಆಸ್ಪತ್ರೆ ಇದ್ದೂ ನಾಚಿಕೆಯಿಂದ ಹೋಗದೆ ಇರುವವರು ತುಂಬ. ನಾಚಿಕೆಪಡುವಂಥದ್ದು ಏನೂ ಇಲ್ಲ.

ಬಿಟ್ಟರೆ ದಪ್ಪ ಆಗ್ತೇನಾ?

ಸ್ವಲ್ಪ ಆಗಬಹುದು. ಬಾಯಿಗೆ ರುಚಿ ಮರಳುತ್ತದೆ, ಹಸಿವೂ ಜಾಸ್ತಿ. ನನಗೆ ಗೋಳಿಬಜೆಯ ಚಪಲ ಹತ್ತಿತ್ತು. ಏರಿದ ತೂಕ ಇಳಿಸುವುದು ನಿಕೋಟಿನ್ ಬಿಡುವುದಕ್ಕಿಂತ ಬಹಳ ಸುಲಭ.

ಬಿಟ್ಟ ಮೇಲೆ ಆ ಡಿವೈಸನ್ನು ಏನು ಮಾಡಲಿ?

ಗೆಳೆಯನಿಗೆ ಕೊಡಬೇಡಿ. ‘ಇರಲಿ’ ಅಂತ ಕಪಾಟಿನಲ್ಲಿ ಇಡಬೇಡಿ, ಎರಡನೇ ವಾರ ಕೈ ಅಲ್ಲಿಗೇ ಹೋಗುತ್ತದೆ. ಹಸಿಕಸ, ಒಣಕಸಕ್ಕೂ ಹಾಕಬೇಡಿ, ಕಸದ ಲಾರಿಯಲ್ಲಿ ಒತ್ತಿ ಬ್ಯಾಟರಿ ಒಡೆದರೆ ಬೆಂಕಿ ಹತ್ತುತ್ತದೆ. ಪಾಡ್ ಬೇರೆ ಮಾಡಿ, ಚಾರ್ಜಿಂಗ್ ಪೋರ್ಟ್ ಮತ್ತು ತುದಿಯ ಲೋಹದ ಭಾಗಕ್ಕೆ ಟೇಪ್ ಸುತ್ತಿ, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ. ಚುಚ್ಚುವುದು, ಬಿಚ್ಚುವುದು, ಸುಡುವುದು ಮಾಡಬೇಡಿ. ನನ್ನದನ್ನು ನಾನು ಹಾಗೆಯೇ ಕೊಟ್ಟೆ, ಹಳೆಯ ಮೊಬೈಲ್ ಬ್ಯಾಟರಿಗಳ ಡಬ್ಬದ ಜೊತೆ.